ರಾತ್ರಿ ಪಾಳಿಯ ಪಂಡಿತ

ಸೂಲಗಿತ್ತಿಯರ ಕಾಲ ಹೋಯಿತು. ಬೀಗರೂ ಈಗ ವಿಡಿಯೊ ಕಾಲ್‌ನಲ್ಲೇ ಕೂಸಿನ ಮುಖ ನೋಡಿ ಶಾಸ್ತ್ರ ಮುಗಿಸುತ್ತಾರೆ. ಬಾಣಂತಿ ಮನೆಗೆ ತಪ್ಪದೆ ಖುದ್ದಾಗಿ ಬರುವವರು ಇನ್ನು ಒಬ್ಬರೇ: ಕೂಸನ್ನು ಮಲಗಿಸುವ ವಿದ್ಯೆ ಬಲ್ಲವರು. ಇವರು ಕೂಸನ್ನು ಎತ್ತಿಕೊಳ್ಳುವುದಿಲ್ಲ, ಒದ್ದೆ ಬಟ್ಟೆ ಬದಲಿಸುವುದಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ‘ರಾತ್ರಿ ಎಷ್ಟು ಸಲ ಎದ್ದಿತ್ತು?’ ಎಂದು ವಿಚಾರಣೆ ಶುರುಮಾಡುತ್ತಾರೆ. ಏನು ಹೇಳಿದರೂ ತಪ್ಪೇ. ನಾಲ್ಕು ಸಲ ಎಂದರೆ ನಿಮಗೆ ರೂಢಿ ಮಾಡಿಸಲು ಬರಲಿಲ್ಲ. ಒಂದೇ ಸಲ ಎಂದರೆ ಕೂಸಿಗೆ ಏನೋ ಆಗಿದೆ, ದವಾಖಾನೆಗೆ ತೋರಿಸಿ.

ನಮ್ಮ ಧಾರಾವಿಯಲ್ಲಿ ಈ ವಿದ್ವಾಂಸರು ಎಲ್ಲ ಭಾಷೆಯಲ್ಲೂ ಸಿಗುತ್ತಾರೆ. ತಮಿಳಿನವರು ವಸಂಬು ಸುಟ್ಟು ಹಚ್ಚು ಅನ್ನುತ್ತಾರೆ, ಮರಾಠಿಯವರು ಅದನ್ನೇ ವೇಖಂಡ ಅನ್ನುತ್ತಾರೆ, ನಮ್ಮವರು ಬಜೆ ಎಂದು ಹೇಳಿ ಸಾಣೆಕಲ್ಲಿನ ಮೇಲೆ ತೇಯಲು ಕೂರುತ್ತಾರೆ. ಇವರನ್ನೆಲ್ಲ ತಾಳಿಕೊಳ್ಳಬಹುದು. ನನ್ನ ಹಣೆಯಲ್ಲಿ ಬರೆದದ್ದು ಮಾಳಿಗೆ ಮೇಲಿನ ಕಾಕಾ.

ಕಾಕಾ ಯಾದಗಿರಿ ಕಡೆಯವರು. ಅವರ ಖೋಲಿ ನಮ್ಮ ತಲೆಯ ಮೇಲೆ, ಅದಕ್ಕೆ ಹತ್ತುವ ಕಬ್ಬಿಣದ ಏಣಿ ನಮ್ಮ ಬಾಗಿಲ ಪಕ್ಕದಲ್ಲಿ. ಹಾಗಾಗಿ ನಮ್ಮನ್ನು ದಾಟದೆ ಅವರಿಗೆ ಮನೆಯಿಲ್ಲ, ಅವರ ಪ್ರಶ್ನೆ ದಾಟದೆ ನಮಗೆ ಬೆಳಗಿಲ್ಲ. ಮೀಠಿ ನದಿಯಾಚೆ ಬಿಕೆಸಿ ಎಂಬ ಆಫೀಸು ಬಡಾವಣೆಯ ಗಾಜಿನ ಕಟ್ಟಡವೊಂದರಲ್ಲಿ ರಾತ್ರಿ ಪಾಳಿಯ ವಾಚ್‌ಮನ್. ನಾವು ಕಣ್ಣುರಿಯಿಂದ ಏಳುವ ಹೊತ್ತಿಗೆ ಇಸ್ತ್ರಿ ಯೂನಿಫಾರ್ಮಿನಲ್ಲಿ ಬರುತ್ತಾರೆ.

‘ಯವ್ವಾ, ಕೂಸು ಮಕ್ಕೊಂಡಿತ್ತೇನು ರಾತ್ರಿ?’

‘ಇಲ್ಲ ಕಾಕಾ.’

‘ನೀವೇ ರೂಢಿ ಕೆಡಿಸೀರಿ. ನಮ್ಮವು ನಾಕು ಮಕ್ಕಳು. ಒಂದಾದ್ರೂ ಒಂದು ರಾತ್ರಿ ನನ್ನ ನಿದ್ದಿ ಕೆಡಿಸಿದ್ದಿಲ್ಲ ನೋಡು.’

ಹೇಗೆ ಕೆಡಿಸಬೇಕು? ಈ ಮನುಷ್ಯ ಚರ್ಮದ ಕಾರ್ಖಾನೆಗೆಂದು ಧಾರಾವಿಗೆ ಬಂದಾಗ ದೊಡ್ಡ ಮಗ ಇನ್ನೂ ಹುಟ್ಟಿರಲಿಲ್ಲ. ಮಕ್ಕಳೆಲ್ಲ ಊರಲ್ಲಿ ಅವರ ಹೆಂಡತಿ ಕಾಕು ಹತ್ತಿರ ಬೆಳೆದವು, ಅಪ್ಪ ಜಾತ್ರೆಗೊಮ್ಮೆ ಬಂದು ಹೋಗುತ್ತಿದ್ದರು. ಇಷ್ಟು ದೂರದಿಂದ ನಾಲ್ಕು ಮಕ್ಕಳನ್ನು ಮಲಗಿಸಿದವರು ಚರಿತ್ರೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಕಾಕಾನ ಪಾಂಡಿತ್ಯದ ಮೂಲ ಮೊಬೈಲು. ರಾತ್ರಿಯಿಡೀ ಎಸಿ ಲಾಬಿಯಲ್ಲಿ ಕೂತವರಿಗೆ ನಿದ್ದೆ ಬರಬಾರದು, ಅದಕ್ಕೆ ವಿಡಿಯೊ ನೋಡುತ್ತಾರೆ. ನಮ್ಮ ಕೂಸು ಹುಟ್ಟಿದ ಮೇಲೆ ಕುಸ್ತಿ ಬಿಟ್ಟು ಕೂಸುಗಳ ವಿಡಿಯೊ ನೋಡತೊಡಗಿದರು. ಇಂಗ್ಲಿಷು ಬರುವುದಿಲ್ಲ, ಚಿತ್ರ ನೋಡಿಯೇ ತಿಳಿದುಕೊಳ್ಳುತ್ತಾರೆ. ಬಿಳಿ ಹೆಂಗಸೊಬ್ಬಳು ಕೂಸನ್ನು ಕಟಕಟೆಯ ಮಂಚದಲ್ಲಿ ಹಾಕುತ್ತಾಳೆ, ಬಾಗಿಲು ಮುಂದೆ ಮಾಡುತ್ತಾಳೆ, ಹೊರಗೆ ನಿಂತು ಗಡಿಯಾರ ನೋಡುತ್ತಾಳೆ. ಕಾಕಾ ಇದಕ್ಕೆ ‘ಮೆಥಡ್’ ಎಂದು ಹೆಸರಿಟ್ಟರು.

ವಿದ್ಯೆ ಹೊಸದೇನಲ್ಲ. ಅಳುವ ಕೂಸನ್ನು ಅಳಲು ಬಿಡಿ ಎಂದು ನ್ಯೂಯಾರ್ಕಿನ ಡಾಕ್ಟರು ಎಮೆಟ್ ಹೋಲ್ಟ್ 1894ರಲ್ಲೇ ಪುಸ್ತಕ ಬರೆದಿದ್ದರು. ಬಾಸ್ಟನ್ನಿನ ರಿಚರ್ಡ್ ಫರ್ಬರ್ 1985ರಲ್ಲಿ ಅದನ್ನು ಸ್ವಲ್ಪ ಮೆದು ಮಾಡಿ, ನಡುನಡುವೆ ಹೋಗಿ ಸಮಾಧಾನ ಹೇಳಿ ಬನ್ನಿ, ಹೋಗುವ ಅಂತರ ಹೆಚ್ಚಿಸುತ್ತ ಬನ್ನಿ ಎಂದರು. ಆ ಪುಸ್ತಕಗಳನ್ನು ಬರೆದ ಊರುಗಳಲ್ಲಿ ಮನೆಗೆ ಕೋಣೆಗಳಿರುತ್ತವೆ. ನಮ್ಮದು ಹತ್ತು ಹನ್ನೆರಡರ ಒಂದು ಖೋಲಿ. ಒಂದು ಮೂಲೆಯಲ್ಲಿ ಒಲೆಕಟ್ಟೆ, ಇನ್ನೊಂದರಲ್ಲಿ ಮೋರಿ, ನಡುವೆ ಸರಳಿಗೆ ಕಟ್ಟಿದ ಹಳೇ ಸೀರೆಯ ಜೋಳಿಗೆ. ಅದರ ಹಗ್ಗ ರಾತ್ರಿ ನನ್ನ ಕಾಲ ಹೆಬ್ಬೆರಳಿಗೆ. ಕೂಸು ಮಿಸುಕಿದರೆ ನಿದ್ದೆಗಣ್ಣಲ್ಲೇ ಕಾಲು ಆಡಿಸುತ್ತೇನೆ. ನಿದ್ದೆಯಲ್ಲಿ ನಾನು ಮಗ್ಗುಲು ಬದಲಿಸಿದರೆ ಪಾಪ, ಕೂಸಿಗೆ ಪುಕ್ಕಟೆ ಜಾತ್ರೆ ತೊಟ್ಟಿಲು.

‘ಬ್ಯಾರೆ ರೂಮ್ ಇಲ್ಲಂದ್ರ ಏನಾತು? ನೀವೇ ಹೊರಗ ನಿಂದರ್ರಿ. ಟೈಮ್ ನಾನು ಫೋನಿನಾಗ ಹೇಳ್ತೀನಿ’ ಅಂದರು ಕಾಕಾ.

ಅವತ್ತು ಶುಕ್ರವಾರ. ನಮ್ಮ ಬಲಗೋಡೆ ಪತ್ರಾದ್ದು, ಅದರಾಚೆ ಹೊಲಿಗೆ ಕಾರ್ಖಾನೆ. ರಾತ್ರಿ ಒಂದರವರೆಗೆ ಮಷೀನು ಗರ್ ಎನ್ನುತ್ತಿದ್ದರೆ ಕೂಸು ಹಾಯಾಗಿ ಮಲಗಿರುತ್ತದೆ, ಮಷೀನು ನಿಂತ ಕ್ಷಣ ಕಣ್ಣು ಬಿಡುತ್ತದೆ. ಶುಕ್ರವಾರ ಕಾರ್ಖಾನೆಗೆ ರಜೆ, ಅಂದರೆ ನಮಗೆ ಶಿವರಾತ್ರಿ. ಹೇಗೂ ಜಾಗರಣೆ ತಪ್ಪಿದ್ದಲ್ಲ ಎಂದು ನಮ್ಮವರು ಮೆಥಡ್‌ಗೆ ಒಪ್ಪಿದರು. ಕೂಸಿನ ಹೊಟ್ಟೆ ತುಂಬಿಸಿ, ಜೋಳಿಗೆಗೆ ಹಾಕಿ, ಬಾಗಿಲು ಮುಂದೆ ಮಾಡಿ ಗಲ್ಲಿಯಲ್ಲಿ ನಿಂತೆವು. ಎರಡು ಮೊಳದ ಗಲ್ಲಿ, ತಲೆಯ ಮೇಲೆ ತೊಟ್ಟಿಕ್ಕುವ ಪೈಪು. ಒಳಗೆ ಕೂಸು, ಬಿಕೆಸಿಯಿಂದ ಕಾಕಾ, ಇಬ್ಬರೂ ಒಟ್ಟಿಗೇ ಶುರುಮಾಡಿದರು.

‘ಮೂರು ಮಿನಿಟ್. ಒಳಗ ಹೋಗಿ ಬೆನ್ನು ತಟ್ಟಿ ಬಾ. ಎತ್ಕೋಬ್ಯಾಡ!’

ಎರಡನೆಯ ಸುತ್ತಿಗೆ ಎದುರುಮನೆಯ ಇಡ್ಲಿ ಅಕ್ಕ ಎದ್ದು ಬಂದರು, ‘ಕೊಳಂದೈಕ್ಕು ಎನ್ನಾಚ್ಚು?’ ಎಂದು. ನಸುಕಿಗೇ ಎದ್ದು ಇಡ್ಲಿ ಬೇಯಿಸಬೇಕಾದ ಹೆಂಗಸು. ಆಚೆಯಿಂದ ನಾನಿ ತಸ್ಬಿ ಹಿಡಿದು ಬಂದು, ದೃಷ್ಟಿಯಾಗಿದೆ ಎಂದರು. ರಜೆಯಲ್ಲಿದ್ದ ಇಬ್ಬರು ದರ್ಜಿ ಹುಡುಗರು ಬನಿಯನ್ನಿನಲ್ಲಿ ಬಂದು, ಗಂಡ ಹೆಂಡತಿ ಜಗಳವಾಡಿ ಹೊರಗೆ ನಿಂತಿದ್ದಾರೆಂದು ತಿಳಿದು ನಮ್ಮವರನ್ನು ಪಕ್ಕಕ್ಕೆ ಕರೆದು ಬುದ್ಧಿ ಹೇಳತೊಡಗಿದರು. ಎಲ್ಲರಿಗೂ ಫರ್ಬರ್ ಸಾಹೇಬರ ಸಿದ್ಧಾಂತವನ್ನು ನಾನು ಹಿಂದಿಯಲ್ಲಿ ವಿವರಿಸಬೇಕಾಯಿತು. ಯಾರಿಗೂ ಹಿಡಿಸಲಿಲ್ಲ. ‘ಕೂಸು ಅಳ್ತಿದೆ, ಅವ್ವ ಹೊರಗಿದ್ದಾಳೆ, ಇದು ಓದಿದವರ ಪದ್ಧತಿಯಾ?’ ಎಂಬರ್ಥದ ಮಾತು ಮೂರು ಭಾಷೆಯಲ್ಲಿ ಬಂತು. ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರು. ತರಗತಿಯಲ್ಲಿ ನನ್ನ ಒಂದು ಕಣ್ಣೋಟಕ್ಕೆ ಮಕ್ಕಳು ತೆಪ್ಪಗಾಗುತ್ತಾರೆ ಎಂಬ ನನ್ನ ಹಮ್ಮು ಆ ಪೈಪಿನ ಕೆಳಗೆ ತೊಯ್ದು ಹೋಯಿತು.

ಅಷ್ಟರಲ್ಲಿ ಒಳಗಿನ ಅಳು ಗಪ್ಪೆಂದು ನಿಂತಿತು. ಫೋನಿನಲ್ಲಿ ಕಾಕಾ ಹಿಗ್ಗಿ ಹೀರೆಕಾಯಿ: ‘ಸುಮ್ಮನಾತಲ್ಲ! ನೋಡಿದ್ಯಾ, ನೋಡಿದ್ಯಾ!’

ನಾನು ನೋಡಿದೆ. ನಾವು ಗಲ್ಲಿಯಲ್ಲಿ ಭಾಷಣ ಮಾಡುವಾಗ ಕಾಕು ಏಣಿ ಇಳಿದು, ನಮ್ಮ ಬೆನ್ನ ಹಿಂದಿನಿಂದಲೇ ಒಳಗೆ ಹೋಗಿ, ಕೂಸನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದರು. ಕೂಸು ಅವರ ಸೆರಗಿನ ತುದಿ ಬಾಯಿಗಿಟ್ಟುಕೊಂಡಿತ್ತು. ‘ಅವರ ಮಾತು ಎಲ್ಲಿ ಕೇಳ್ತಿ’ ಎಂದು ಪಿಸುಗುಟ್ಟಿದರು. ‘ದೊಡ್ಡಾಂವ ಹುಟ್ಟಿದಾಗ ಆರು ತಿಂಗಳು ನಾ ನೆಲಕ್ಕ ಬೆನ್ನು ಹಚ್ಚಿಲ್ಲ. ಅವರಿಗೆ ಕಾಗದ ಬರಸಿದ್ರ ಕೂಸು ಅರಾಮ ಅದ ಅಂತ ಬರಸ್ತಿದ್ದೆ.’

ಫೋನು ಇನ್ನೂ ಚಾಲೂ ಇತ್ತು. ಕಾಕಾಗೆ ನಿಜ ಹೇಳಲು ನಮ್ಮಲ್ಲಿ ಯಾರಿಗೂ ಮನಸ್ಸಾಗಲಿಲ್ಲ. ಮರುದಿನ ಸಂಡಾಸಿನ ಸಾಲಿನಲ್ಲಿ ನಿಂತವರಿಗೆಲ್ಲ ಮೆಥಡ್‌ನ ವಿಜಯ ತಿಳಿದಿತ್ತು.

ಉಳಿದ ಗುಣಗಳನ್ನು ಬೇಗ ಮುಗಿಸುತ್ತೇನೆ. ತಲೆ ದುಂಡಗಾಗಲು ಸಾಸಿವೆ ದಿಂಬು ಬೇಕೆನ್ನುತ್ತಾರೆ. ದಿಂಬು ಬೇಡ, ಬೆನ್ನ ಮೇಲೆ ಮಲಗಿಸಿ ಎಂದು ಡಾಕ್ಟರು ಹೇಳಿದ್ದಾರೆಂದರೆ, ಡಾಕ್ಟರ ತಲೆ ನೋಡಿದ್ಯಾ ಎಂದು ಕೇಳುತ್ತಾರೆ. ರಾತ್ರಿ ಹಾಲಿನಲ್ಲಿ ಬಿಸ್ಕೀಟು ಅದ್ದಿ ತಿನ್ನಿಸು ಎನ್ನುತ್ತಾರೆ. ನನ್ನ ಕೂಸು ಹುಟ್ಟಿದ್ದು ಸಾಯನ್ ಆಸ್ಪತ್ರೆಯಲ್ಲಿ. ಡಾ. ಆರ್ಮಿಡಾ ಫರ್ನಾಂಡಿಸ್ 1989ರಲ್ಲಿ ದೇಶದ ಮೊದಲ ತಾಯಿಹಾಲಿನ ಬ್ಯಾಂಕು ತೆರೆದ ಜಾಗ ಅದು. ಅಲ್ಲಿಂದ ಬಂದವಳ ಮುಂದೆ ಆರು ತಿಂಗಳೊಳಗೆ ಬಿಸ್ಕೀಟಿನ ಮಾತು ನಡೆಯುವುದಿಲ್ಲ. ಒಮ್ಮೆ, ‘ಹಳೇ ಮುಂಬೈನಾಗ ಗಿರಣಿಗೆ ಹೋಗೋ ಹೆಂಗಸ್ರು ಒಂದು ಗೋಲಿ ಕೊಟ್ಟು ಹೋದ್ರ ಕೂಸು ಸಂಜಿತನಕ ಏಳ್ತಿದ್ದಿಲ್ಲಂತ’ ಎಂದರು. ನಿಜವೇ, ಅದರ ಹೆಸರು ಬಾಳಾಗೋಳಿ, ಒಳಗಿದ್ದದ್ದು ಅಫೀಮು. 1920ರ ದಶಕದ ಆರಂಭದಲ್ಲಿ ಗಿರಣಿ ಹೆಂಗಸರ ಸ್ಥಿತಿಗತಿ ವಿಚಾರಿಸಿದ ಡಾ. ಬಾರ್ನ್ಸ್ ಎಂಬ ವೈದ್ಯೆ, ಹೆಚ್ಚುಕಡಿಮೆ ಎಲ್ಲ ಕೂಸುಗಳಿಗೂ ಇದನ್ನೇ ತಿನ್ನಿಸುತ್ತಿದ್ದುದನ್ನು ಕಂಡು ಬರೆದಿಟ್ಟಿದ್ದಾರೆ. ಹೇಳಿದೆ. ಕಾಕಾ ಗಾಬರಿಬಿದ್ದು ಸುಧಾರಿಸಿಕೊಂಡು, ‘ಅದಕ್ಕ ಅನ್ನೋದು, ಗೋಲಿ ಬ್ಯಾಡ, ಮೆಥಡ್ ಮಾಡ್ರಿ’ ಎಂದರು.

‘ರಾತ್ರಿಯಿಡೀ ನಿದ್ದೆ’ ಎಂದರೆ ಎಷ್ಟು ಹೊತ್ತು ಎಂಬುದೂ ತಮಾಷೆಯೇ. ಲಂಡನ್ನಿನ ಕೂಸುಗಳನ್ನು ಗಮನಿಸಿ 1957ರಲ್ಲಿ ಬರೆದ ಮೂರ್ ಮತ್ತು ಅಕ್ಕೊ ಅವರ ಲೆಕ್ಕದಲ್ಲಿ ರಾತ್ರಿ 12ರಿಂದ 5ರವರೆಗೆ ಏಳದಿದ್ದರೆ ಪಾಸು. ಈ ಪರೀಕ್ಷೆಗೆ ಕೂತರೆ ನಮ್ಮ ಗಲ್ಲಿಯ ದೊಡ್ಡವರೇ ನಪಾಸು. ಒಂದಕ್ಕೆ ಮಷೀನು ನಿಲ್ಲುತ್ತದೆ, ಕೋಳಿ ಕೂಗುವ ಮೊದಲೇ ಇಡ್ಲಿ ಅಕ್ಕನ ಸ್ಟೋವು ಭುಸುಗುಡುತ್ತದೆ, ನಸುಕಿಗೆ ನಳದ ನೀರು ಬರುತ್ತದೆ, ಕಾಕಾ ಮಲಗುವುದೇ ಹಗಲು. ಇಂಥಲ್ಲಿ ಹುಟ್ಟಿದ ಕೂಸಿಗೆ ರಾತ್ರಿ ಯಾವುದೆಂದು ಯಾರು ತೋರಿಸಬೇಕು?

ಭಾನುವಾರ ಕಾಕಾಗೆ ರಜೆ. ಅವತ್ತು ಪಾಠವಿಲ್ಲ. ಮಧ್ಯಾಹ್ನ ಬಂದು ಜೋಳಿಗೆಯ ಹಗ್ಗ ಹಿಡಿದು ಹೊಸ್ತಿಲಲ್ಲಿ ಕೂರುತ್ತಾರೆ, ಕೂಸು ಮಲಗಿದ ಮೇಲೂ ತೂಗುತ್ತಿರುತ್ತಾರೆ. ‘ನಾ ಊರಿಗೆ ಹೋದ್ರ ನಮ್ಮ ಹುಡುಗ್ರು ಯಾರೋ ಬಂದಾರಂತ ಚೀರ್ತಿದ್ವು’ ಎಂದರು ಒಮ್ಮೆ. ಏನು ಹೇಳಬೇಕೋ ತಿಳಿಯದೆ ಚಹಾ ಮಾಡಿಕೊಟ್ಟೆ. 2024ರಲ್ಲಿ ಧಾರಾವಿ ಪುನರಭಿವೃದ್ಧಿಯ ಸರ್ವೇದವರು ಬಂದಾಗಿನಿಂದ ಅವರಿಗೆ ಇನ್ನೊಂದು ಕನಸು: ಗಲ್ಲಿ ಕೆಡವಿ ಬಿಲ್ಡಿಂಗ್ ಆದರೆ 350 ಚದರಡಿಯಲ್ಲಿ ಕೂಸಿಗೆ ಬೇರೆ ರೂಮು, ಬಾಗಿಲು, ಕಟಕಟೆ ಮಂಚ, ಮೆಥಡ್. ಆ ಮನೆ ಧಾರಾವಿಯ ಒಳಗೆ ಸಿಗುವುದು 2000ದ ಜನವರಿ 1ಕ್ಕೆ ಮುಂಚಿನಿಂದ ನೆಲಮಹಡಿಯಲ್ಲಿ ಇರುವವರಿಗೆ. ನಮ್ಮ ಮಾವನ ಕಾಗದಪತ್ರ ಇರುವುದರಿಂದ ನಮಗೆ ಆಸೆಯಿದೆ. ಮೇಲಿನವರಿಗೆ ಜಾಗ ಧಾರಾವಿಯ ಹೊರಗೆ. ನನ್ನ ಕೂಸಿಗೆ ಕೋಣೆ ಹಂಚಿಕೊಡುವ ಉಮೇದಿನಲ್ಲಿ ಕಾಕಾ ಈ ಮಾತನ್ನು ಮರೆತಿರುತ್ತಾರೆ. ನಾನೂ ನೆನಪು ಮಾಡುವುದಿಲ್ಲ.

ಕೂಸು ಈಗ ಮಲಗುತ್ತದೆ. ಯಾರ ವಿದ್ಯೆಯಿಂದಲೂ ಅಲ್ಲ, ಅದಕ್ಕೆ ವಯಸ್ಸಾಯಿತು ಅಷ್ಟೇ. ಕೀರ್ತಿ ಮಾತ್ರ ಕಾಕಾನ ಖಾತೆಗೆ. ಇಡ್ಲಿ ಅಕ್ಕನ ಸೊಸೆಗೆ ಈಗ ಏಳು ತಿಂಗಳು. ಮೊನ್ನೆ ಕಾಕಾ ಅವರ ಬಾಗಿಲಲ್ಲಿ ನಿಂತು, ಗಡಿಯಾರ ಎಲ್ಲಿ ತೂಗುಹಾಕಿದರೆ ಗಲ್ಲಿಗೆ ಕಾಣುತ್ತದೆ ಎಂದು ಗೋಡೆ ಅಳೆಯುತ್ತಿದ್ದರು. ಆ ಹುಡುಗಿಯನ್ನು ಸಂಜೆ ಒಳಗೆ ಕರೆದು, ಮೊಬೈಲಿನಲ್ಲಿ ನಂಬರು ಬ್ಲಾಕ್ ಮಾಡುವುದು ಹೇಗೆಂದು ಕಲಿಸಿದ್ದೇನೆ.