ರತ್ನಗಂಬಳಿಯ ಕೆಳಗೊಂದು ಕಂಬಳಿ

ಪರ್ಷಿಯಾದ ಹೂಬಳ್ಳಿಯ ನೆಲಹಾಸನ್ನು ಕನ್ನಡವು 'ರತ್ನಗಂಬಳಿ' ಎಂದು ಕರೆಯುತ್ತದೆ. ಈ ಸಮಾಸವನ್ನು ಬಿಡಿಸಿ ನೋಡಿದವರಿಗೆ, ತಬ್ರೀಜಿನಲ್ಲಿ ಹುಟ್ಟಿರಲಿ, ಕಿರ್ಮಾನಿನಲ್ಲಿ ಹುಟ್ಟಿರಲಿ, ಆ ವಸ್ತು ಮೂಲತಃ ಕಂಬಳಿಯೇ, ರತ್ನವೆಂಬುದು ಮುಂದೆ ಅಂಟಿಕೊಂಡ ಬಿರುದು ಎಂಬುದು ಹೊಳೆಯುತ್ತದೆ. ಹೀಗಿರುವಾಗ ಅದರ ಬೆಲೆ ಕಟ್ಟುವ ಶಾಸ್ತ್ರವನ್ನು, ಕುರಿಯನ್ನೂ ಕಂಬಳಿಯನ್ನೂ ತಲೆಮಾರುಗಳಿಂದ ಬಲ್ಲ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಸೀಮೆಗೆ ತಂದು, ಅಲ್ಲಿನ ಕರಿಯ ಕಂಬಳಿಯನ್ನು ಅದೇ ತಕ್ಕಡಿಯಲ್ಲಿಟ್ಟು ತೂಗುವುದು ಅಧಿಕಪ್ರಸಂಗವೆನಿಸಲಾರದು.

ಶಾಸ್ತ್ರದ ಮೊದಲ ವಿಧಿ ಹಾಸನ್ನು ಮಗುಚಿ ಬೆನ್ನು ನೋಡುವುದು. ಹಾಸಿನ, ಎಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳ, ಎರಡೆರಡನ್ನು ಹಿಡಿದು ಉಣ್ಣೆಯ ತುಣುಕಿನಿಂದ ಹಾಕಿದ ಗಂಟುಗಳನ್ನು ಪರೀಕ್ಷಕರು ಚದರ ಅಂಗುಲದ ಲೆಕ್ಕದಲ್ಲಿ ಎಣಿಸುತ್ತಾರೆ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ, 1539-40ರ ಇಸವಿಯನ್ನು ಮೈಯಲ್ಲೇ ನೇಯಿಸಿಕೊಂಡ ಅರ್ದಬೀಲ್ ರತ್ನಗಂಬಳಿಯಲ್ಲಿ ಅಂಥವು ಚದರ ಅಂಗುಲಕ್ಕೆ ಸುಮಾರು 340 ಇವೆ. ಕಂಬಳಿಯಲ್ಲಿ ಗಂಟಿನ ಸಂಖ್ಯೆ ಸೊನ್ನೆ. ಗುಂಡಿ ಮಗ್ಗದಲ್ಲಿ ಹಾಸಿನೊಳಗೆ ಹೊಕ್ಕು, ಎಂದರೆ ಅಡ್ಡ ಎಳೆ, ಓಡಾಡಿದರೆ ಕಂಬಳಿಯ ಕೆಲಸ ಮುಗಿಯಿತು. ಮೇಲಾಗಿ, ಕಂಬಳಿಯಲ್ಲಿ ಬುತ್ತಿ ಕಟ್ಟಿಕೊಂಡು ಕೂದಲು ಆರಿಸುವವರನ್ನು ಗೇಲಿಮಾಡುವ ಗಾದೆಯಿರುವ ನಾಡಿನಲ್ಲಿ, ಎಣಿಸಲು ಕೂತವರಿಗೆ ಗೌರವ ದೊರೆಯುವುದೂ ಕಷ್ಟ.

ಎರಡನೆಯದು ಬಣ್ಣದ ಪರೀಕ್ಷೆ. 1856ರಲ್ಲಿ ರಾಸಾಯನಿಕ ಬಣ್ಣ ಹುಟ್ಟಿದ ಮೇಲೆ, ನೀಲಿ ಗಿಡದ್ದೋ, ಕೆಂಪು ಬೇರಿನದೋ, ಅಥವಾ ಎರಡೂ ಸೀಸೆಯವೋ ಎಂಬುದು ವಯಸ್ಸನ್ನು ಊಹಿಸುವ ದೊಡ್ಡ ಸುಳಿವಾಯಿತು. ಹೊಸ ಹಾಸನ್ನು ಚಹಾದಲ್ಲಿ ಅದ್ದಿ ಮುಪ್ಪು ಬರಿಸುವ ವ್ಯಾಪಾರಿಗಳಿರುವುದರಿಂದ ಮೂಗಿಗೂ ಕೆಲಸವುಂಟು. ಕಂಬಳಿಯ ಕಪ್ಪಿನ ವಿಷಯದಲ್ಲಿ ಕುರಿಯನ್ನೇ ವಿಚಾರಿಸಬೇಕಾಗುತ್ತದೆ, ಏಕೆಂದರೆ ಆ ಬಣ್ಣ ಹುಟ್ಟಿನಿಂದಲೇ ಬಂದದ್ದು. ಅದರ ವಾಸನೆಯೂ ಮರೆಮಾಚುವಂಥದಲ್ಲ: ಮೊದಲ ಮಳೆಯಲ್ಲಿ ನೆನೆದ ಕಂಬಳಿ ತನ್ನ ವಂಶಾವಳಿಯನ್ನು ಇಡೀ ಪಡಸಾಲೆಗೆ ತಾನೇ ಹೇಳುತ್ತದೆ.

ಮೂರನೆಯದು ತೇಪೆ. ಕತ್ತರಿಸಿ ಜೋಡಿಸಿದ ಹಾಸು ಬೆಲೆ ಕಳೆದುಕೊಳ್ಳುತ್ತದೆ ಎಂಬುದು ನಿಯಮ. ಆದರೆ ಅರ್ದಬೀಲಿನ ಹಾಸನ್ನು ಅದರ ಅವಳಿಯಿಂದ ಕತ್ತರಿಸಿದ ತುಂಡುಗಳಿಂದಲೇ ದುರಸ್ತಿಮಾಡಲಾಗಿತ್ತು, ಅಷ್ಟಾದರೂ ಸಂಗ್ರಹಾಲಯವು 1893ರಲ್ಲಿ 2,000 ಪೌಂಡು ಕೊಟ್ಟು ಅದನ್ನು ಕೊಂಡಿತು. ಹರಿದ ಕಂಬಳಿಗೆ ಮತ್ತೊಂದು ಹರಿದ ಕಂಬಳಿಯಿಂದ ತೇಪೆ ಹಾಕುವ ಕುರಿಗಾಹಿಗೆ ಈ ವಿದ್ಯೆ ಹೊಸದಲ್ಲ, ಪೌಂಡುಗಳು ಮಾತ್ರ ಹೊಸವು.

ಕೊನೆಯದು ಪೂರ್ವಚರಿತ್ರೆ, ಎಂದರೆ ವಸ್ತುವು ಯಾರ ಕೈಯಿಂದ ಯಾರ ಕೈಗೆ ಬಂತೆಂಬ ದಾಖಲೆ. ಇಲ್ಲಿ ಶಿರಾಕ್ಕೆ ಒಂದು ಅನುಕೂಲವಿದೆ: 1687ರಿಂದ 1757ರವರೆಗೆ ಅದು ಮೊಗಲರ ಸುಬಾದ ರಾಜಧಾನಿಯಾಗಿದ್ದು, 1696ರ ಜುಮ್ಮಾ ಮಸೀದಿ ಇಂದಿಗೂ ನಿಂತಿರುವುದರಿಂದ, ಯಾವ ಸವೆದ ಹಾಸನ್ನಾದರೂ ಸುಬೇದಾರರ ದಿವಾನಖಾನೆಯದೆಂದು ಹೇಳಬಹುದು. ಮಾರುವವರೆಲ್ಲ ಈ ಮಾತನ್ನೇ ಹಿಡಿದರೆ, ಆ ದಿವಾನಖಾನೆ ಮಧುಗಿರಿಯ ಏಕಶಿಲಾ ಬೆಟ್ಟಕ್ಕಿಂತ ವಿಸ್ತಾರವಾಗಿತ್ತೆಂದು ಒಪ್ಪಬೇಕಾದೀತು. ಕಂಬಳಿಯ ಚರಿತ್ರೆಗೆ ಸಾಕ್ಷಿ ಹುಡುಕಬೇಕಾಗಿಲ್ಲ. ಕುರುಬರ ಪೂಜೆಯಲ್ಲಿ ಅದೇ ಗದ್ದುಗೆ, ಮಳೆಯಲ್ಲಿ ಅದೇ ಕೊಪ್ಪೆ, ಎಂದರೆ ತಲೆಯಿಂದ ಬೆನ್ನಿಗೆ ಇಳಿಬಿಡುವ ಮುಸುಕು, ಕುರಿಹಟ್ಟಿಯ ರಾತ್ರಿಯಲ್ಲಿ ಅದೇ ಹಾಸಿಗೆ, ಅದೇ ಹೊದಿಕೆ. ಬೆಂಕಿಯ ಕಿಡಿ ಹಾರಿ ಬಿದ್ದ ತೂತು ಯಾವ ಚಳಿಗಾಲದ್ದೆಂದು ಮನೆಯವರಿಗೆ ನೆನಪಿರುತ್ತದೆ.

2013ರಲ್ಲಿ ನ್ಯೂಯಾರ್ಕಿನ ಸೋದಬೀಸ್ ಹರಾಜಿನಲ್ಲಿ 17ನೆಯ ಶತಮಾನದ ಪರ್ಷಿಯಾದ ಹಾಸೊಂದು 3.3 ಕೋಟಿ ಡಾಲರಿಗೂ ಮೇಲೆ ಮಾರಾಟವಾಯಿತು. ಅಷ್ಟು ಕೊಟ್ಟು ತಂದದ್ದರ ಮೇಲೆ ಕಾಲಿಡುವ ಧೈರ್ಯ ಯಾರಿಗೂ ಇರಲಾರದು. ಅಂಥ ಹಾಸೊಂದು ಪಾವಗಡದ ಕಡೆಯ ಹಟ್ಟಿಗೆ ಪರೀಕ್ಷೆಗೆ ಬಂದರೆ ಏನಾದೀತೆಂದು ಊಹಿಸುವುದು ಸುಲಭ: ಬೆಲೆಬಾಳುವ ವಸ್ತುವಿಗೆ ಮಣ್ಣು ತಾಗಬಾರದೆಂದು ಮನೆಯವರು ಗೂಟಕ್ಕೆ ನೇತುಹಾಕಿದ್ದ ಕಂಬಳಿಯನ್ನು ಮೊದಲು ನೆಲಕ್ಕೆ ಹಾಸುತ್ತಾರೆ, ರತ್ನಗಂಬಳಿಯು ಅದರ ಮೇಲೆ ಹರಡಿಕೊಳ್ಳುತ್ತದೆ, ಗಂಟು ಎಣಿಸುವ ಪಂಡಿತರು, ಮೊಣಕಾಲು ನೋಯದಿರಲೆಂದು, ಕಂಬಳಿಯ ಉಳಿದ ಅಂಚನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ.