ಫಾರ್ಮ್ಯಾಟ್ ಹೊಡೆಯೋಣ ಬಿಡಿ

ಹಿಂದೆ ಊರಿಗೊಬ್ಬ ನಾಟಿ ವೈದ್ಯ ಇರುತ್ತಿದ್ದ. ಈಗ ಊರಿಗೊಬ್ಬ ‘ಕಂಪ್ಯೂಟರ್ ಗೊತ್ತಿರುವವನು’. ವೈದ್ಯನಾದರೂ ಮೊದಲು ನಾಡಿ ಹಿಡಿಯುತ್ತಿದ್ದ. ಇವನು ನೇರವಾಗಿ ಮೌಸ್ ಹಿಡಿಯುತ್ತಾನೆ. ಕುರ್ಚಿಯಲ್ಲಿದ್ದವರನ್ನು ಎಬ್ಬಿಸಿ ತಾನು ಕೂತು, ಏಳೆಂಟು ಸಲ ‘ರಿಫ್ರೆಶ್’ ಹೊಡೆಯುತ್ತಾನೆ. ಅದರಿಂದ ಆಗುವುದು ಇಷ್ಟೇ: ಐಕಾನುಗಳು ಇದ್ದಲ್ಲೇ ಮತ್ತೆ ಮೂಡುತ್ತವೆ. ಆದರೆ ಗಂಟೆ ಬಾರಿಸದೆ ಪೂಜೆ ಶುರುವಾಗುವುದುಂಟೇ?

ಯಂತ್ರ ಏನಾದರೂ ಹೇಳಲು ಬಾಯಿ ತೆರೆದರೆ ಓದುವ ಮೊದಲೇ ‘ಓಕೆ’ ಒತ್ತಿ ಮುಚ್ಚಿಸುತ್ತಾನೆ. ಕೊನೆಯ ಅಸ್ತ್ರ ಒಂದೇ: “ಫಾರ್ಮ್ಯಾಟ್ ಹೊಡೆಯೋಣ ಬಿಡಿ.” ಇಷ್ಟಾಗಿಯೂ ರಾತ್ರಿ ಹತ್ತಕ್ಕೆ ಕರೆದರೂ ಬೈಕಿನಲ್ಲಿ ಬರುತ್ತಾನೆ, ಟೀ ಬಿಟ್ಟು ಬೇರೇನೂ ಮುಟ್ಟುವುದಿಲ್ಲ.

ಪಾವಗಡ ತಾಲ್ಲೂಕಿನ ತಿರುಮಣಿಯಲ್ಲೂ ಒಬ್ಬನಿದ್ದಾನೆ. ತಿರುಮಣಿ, ವಳ್ಳೂರು, ರಾಯಚೆರ್ಲು ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಆ ದುಡ್ಡಿನಲ್ಲೇ, 2020ರಲ್ಲಿ ಸ್ಕೂಲು ಮುಚ್ಚಿದ್ದಾಗ, ಈ ಲೇಖಕನ ಸೋದರಮಾವ ಮೊಮ್ಮಗಳಿಗೆ ಹೊಸ ಕಂಪ್ಯೂಟರ್ ತಂದರು. ಅವರ ಆಸೆ ಒಂದೇ. ಆನ್ ಮಾಡಿದರೆ ತಮ್ಮ ಹೊಲ ಕಾಣಬೇಕು: ಹಳದಿ ಹೂ ಬಿಟ್ಟ ಕಡಲೆಕಾಯಿ ಸಾಲು, ಬದುವಿನಲ್ಲಿ ಹುಣಸೆ ಮರ, ಬೇಲಿ ಬರುವುದಕ್ಕೆ ಮುಂಚಿನ ಫೋಟೊ.

ನಮ್ಮ ತಜ್ಞ ಎರಡು ನಿಮಿಷದಲ್ಲಿ ಹಾಕಿಕೊಟ್ಟ. ಬೆಳಿಗ್ಗೆ ನೋಡಿದರೆ ಹೊಲ ಮಾಯ. ಮಚ್ಚು ಹಿಡಿದ ತೆಲುಗು ಹೀರೊ ನಿಂತಿದ್ದಾನೆ. ಮತ್ತೆ ಹಾಕಿದ. ಮಾರನೆ ದಿನ ಮತ್ತೆ ಹೀರೊ. ಮೊದಲು ವೈರಸ್ ಅಂದ. ಆಮೇಲೆ ಅರ್ಥಿಂಗ್ ಸರಿಯಿಲ್ಲ ಅಂದ. “ಸೋಲಾರ್ ಕರೆಂಟಿನ ದೋಷ ಇರಬಹುದು ಮಾವ” ಎಂದೂ ಆಯಿತು. ಎರಡು ಸಲ ಫಾರ್ಮ್ಯಾಟ್ ಆಯಿತು; ಮೊಮ್ಮಗಳ ನೋಟ್ಸೂ ಹೋಯಿತು. ಬೆಂಗಳೂರಿನಲ್ಲಿ ಕೂತು ಫೋನಿನಲ್ಲೇ “ವಿಂಡೋಸ್ ಡೂಪ್ಲಿಕೇಟ್ ಇರಬೇಕು” ಎಂದು ತೀರ್ಪು ಕೊಟ್ಟ ಮಹಾನುಭಾವ ಈ ಲೇಖಕನೇ. ಅಸಲಿ ಬಿಲ್ಲಿನ ಫೋಟೊ ಬಂದ ಮೇಲೆ ಆತ ತೆಪ್ಪಗಾದ.

ಆ ವಾರವೇ ತಜ್ಞ ತನ್ನ ಅಂಗಡಿಯಲ್ಲೂ ಗೊಣಗುತ್ತಿದ್ದನಂತೆ: “ಯಾರೋ ನನ್ನ ಸಿಸ್ಟಮ್ಮಿಗೆ ಕಡಲೆಕಾಯಿ ಗಿಡ ಹಾಕ್ತಾವ್ರೆ!”

ಅಲ್ಲಿ ಸಿಕ್ಕಿಬಿದ್ದ. ವಿಂಡೋಸ್ 10ರಲ್ಲಿ ಒಂದೇ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕಂಪ್ಯೂಟರುಗಳು, ಸೆಟ್ಟಿಂಗ್ಸಿನಲ್ಲಿ ‘ಸಿಂಕ್’ ಆನ್ ಇದ್ದರೆ, ಥೀಮನ್ನೂ ಹಿನ್ನೆಲೆ ಚಿತ್ರವನ್ನೂ ಹಂಚಿಕೊಳ್ಳುತ್ತವೆ. ಈ ಪುಣ್ಯಾತ್ಮ ಮಾವನಿಗೆ ಇಮೇಲ್ ಇಲ್ಲವೆಂದು ತನ್ನ ಖಾತೆಯನ್ನೇ ಹಾಕಿದ್ದ. ಪ್ರತಿ ಫಾರ್ಮ್ಯಾಟಿನ ಬಳಿಕವೂ ಅದನ್ನೇ. ಮಾವನ ಮನೆಯಲ್ಲಿ ಹೊಲ ಹಾಕಿದರೆ ಅಂಗಡಿಯಲ್ಲಿ ಹೊಲ. ಅಂಗಡಿಯಲ್ಲಿ ಸಿಟ್ಟಿಗೆದ್ದು ಹೀರೊನನ್ನು ಕೂರಿಸಿದರೆ ಮಾವನ ಮನೆಯಲ್ಲಿ ಹೀರೊ. ತನ್ನ ಮೇಲೆ ತಾನೇ ಯುದ್ಧ ಹೂಡಿದ್ದ. ‘ಸಿಂಕ್’ ಆಫ್ ಮಾಡಿ, ಮಾವನ ಹೆಸರಿನಲ್ಲಿ ಲೋಕಲ್ ಖಾತೆ ತೆರೆದದ್ದು ಮೊಮ್ಮಗಳು. ಅವಳು ಸುಮ್ಮನೆ ತೆರೆಯ ಮೇಲಿದ್ದದ್ದನ್ನು ಓದಿದ್ದಳು.

ವಿಂಡೋಸ್ ಎಕ್ಸ್‌ಪಿಯ ಹಿನ್ನೆಲೆ ಚಿತ್ರದಲ್ಲಿದ್ದ ಹಸಿರು ಗುಡ್ಡ ನೆನಪಿರಬಹುದು. ಚಾರ್ಲ್ಸ್ ಓರಿಯರ್ 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ತೆಗೆದ ಫೋಟೊ ಅದು. ಬೇರಿಗೆ ಫಿಲಾಕ್ಸೆರಾ ಹುಳ ಬಿದ್ದು ದ್ರಾಕ್ಷಿ ಬಳ್ಳಿ ಕಿತ್ತಿದ್ದರಿಂದ ಅಲ್ಲಿ ಬರೀ ಹುಲ್ಲಿತ್ತು. ಆಮೇಲೆ ಮತ್ತೆ ದ್ರಾಕ್ಷಿ ಬಂತು. ಮಾವನ ಹೊಲದಲ್ಲೂ ಈಗ ಸಾಲುಗಳಿವೆ, ಕಡು ನೀಲಿ, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ. ಹುಣಸೆ ಮರ ಉಳಿದಿರುವುದು ಕಂಪ್ಯೂಟರಿನಲ್ಲಿ ಮಾತ್ರ. ಮಾವ ದಿನಾ ಸಂಜೆ ಆನ್ ಮಾಡಿ, ಏನೂ ತೆರೆಯದೆ, ಅದರ ಮುಂದೆ ಸ್ವಲ್ಪ ಹೊತ್ತು ಕೂತಿರುತ್ತಾರೆ.

ಮೊನ್ನೆ ಫೋನ್ ಬಂತು. “ಫೋಟೊ ನಿಂತದೆ ಕಣಪ್ಪ. ಆದ್ರೆ ಅದ್ಯಾವುದೋ ಕಸದ ಬುಟ್ಟಿ ಸರಿಯಾಗಿ ಮರದ ಮೇಲೇ ಕೂತದೆ. ಪಕ್ಕಕ್ಕೆ ಎಳೆದ್ರೆ ತಿರುಗಿ ಅಲ್ಲಿಗೇ ಓಡ್ತದೆ. ಅವನನ್ನ ಕೇಳ್ದೆ.”

ಅವನು ಏನಂದ ಎಂದು ಲೇಖಕ ಕೇಳಲಿಲ್ಲ.