ಜೆರಾಕ್ಸ್ ಅಂಗಡಿಯವನ ಕೃತಜ್ಞತಾ ಪತ್ರ

ಬೇರೆಯಾಗುತ್ತಿರುವ, ಆದರೆ ಮಗು ಮಾತ್ರ ತಮಗೇ ಬೇಕೆನ್ನುತ್ತಿರುವ ಸಮಸ್ತ ಅಪ್ಪ-ಅಮ್ಮಂದಿರಿಗೆ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲವೆಂಬ ಕೋರ್ಟು ಕಟ್ಟಡದ ಆಸುಪಾಸಿನ ಜೆರಾಕ್ಸ್ ಅಂಗಡಿಯವನು ಮಾಡುವ ನಮಸ್ಕಾರಗಳು.

ಆಧಾರ್ ಮೊಬೈಲಿಗೆ ಬಂತು, ಬ್ಯಾಂಕು ಮೊಬೈಲಿಗೆ ಬಂತು, ಇನ್ನು ನಿನ್ನ ಅಂಗಡಿ ಮುಚ್ಚಿದ ಹಾಗೇ ಅಂತ ನೆಂಟರೆಲ್ಲ ಭವಿಷ್ಯ ನುಡಿದಿದ್ದರು. ನೀವು ಕೈ ಬಿಡಲಿಲ್ಲ. ಮಗು ಒಂದೇ ಆದರೂ ಕಾಗದ ಮೂರು ಸೆಟ್: ಕೋರ್ಟಿಗೊಂದು, ಎದುರು ಪಾರ್ಟಿಗೊಂದು, ನಿಮಗೊಂದು. ಆ ಋಣಕ್ಕಾಗಿ ಈ ಪತ್ರ.

ನಿಮ್ಮ ತಯಾರಿ ಕಂಡು ಬೆರಗಾಗಿದ್ದೇನೆ. ಒಬ್ಬ ಮಹನೀಯರು ವಾಟ್ಸಾಪ್ ಪ್ರಿಂಟಿಗೆ ಬಂದರು. ಇವರು ಹೆಂಡತಿಗೆ ಕಳಿಸಿದ್ದು ಒಂದು ಪುಟದಷ್ಟು ಉಪದೇಶ. ಆಕೆಯ ಉತ್ತರ, ‘ಸರಿ’. ‘ಕಲರ್‌ನಲ್ಲೇ ತೆಗೀರಿ, ನನ್ನ ಮೆಸೇಜಿನ ನೀಲಿ ಟಿಕ್ ಕಾಣಬೇಕು. ಓದಿಯೂ ಇಷ್ಟೇ ಬರೆದಿದ್ದಾಳೆ ಅಂತ ಜಡ್ಜ್ ಸಾಹೇಬರಿಗೆ ಗೊತ್ತಾಗಲಿ’ ಎಂದರು. ಇಂಥ ಪ್ರಿಂಟುಗಳಿಗೆ ಮೊದಲು ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಸರ್ಟಿಫಿಕೇಟ್ ಲಗತ್ತಿಸುತ್ತಿದ್ದಿರಿ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಬಂತು. ಅದರ ಸರ್ಟಿಫಿಕೇಟಿನಲ್ಲಿ ಪಾರ್ಟಿ ತುಂಬುವ ಭಾಗ ಒಂದು, ಪರಿಣತರು ತುಂಬುವ ಭಾಗ ಇನ್ನೊಂದು. ನನಗೆ ಹಾಳೆ ಜಾಸ್ತಿಯೇ ಆಯಿತು. ಗಂಡ-ಹೆಂಡತಿ ಒಬ್ಬರಿಗೊಬ್ಬರು ತಿಳಿಯದಂತೆ ಮಾಡಿದ ರೆಕಾರ್ಡಿಂಗನ್ನೂ ದಾಂಪತ್ಯದ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ತರಬಹುದು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೇಳಿತಲ್ಲ, ಅಂದಿನಿಂದ ಪೆನ್‌ಡ್ರೈವೂ ಇಟ್ಟಿದ್ದೇನೆ.

ಇನ್ನು ಫೋಟೊಗಳು. ಮಗುವಿನ ಜತೆ ಕಬ್ಬನ್ ಪಾರ್ಕು, ಮಗುವಿಗೆ ತುತ್ತು, ಮಗುವಿಗೆ ಕಥೆ, ಮಗುವಿನ ಹೋಂವರ್ಕು. ಎಲ್ಲದರಲ್ಲೂ ಅಪ್ಪನಿಗೆ ಅದೇ ಚೌಕಳಿ ಶರ್ಟು. ಪಕ್ಕದಲ್ಲಿ ಕೂತ ಕರಡಿ ಬೊಂಬೆಯ ಕಿವಿಯಲ್ಲಿ ಬೆಲೆಯ ಚೀಟಿ ಇನ್ನೂ ನೇತಾಡುತ್ತಿದೆ. ಅಮ್ಮಂದಿರು ಈ ವಿಷಯದಲ್ಲಿ ಜಾಣೆಯರು, ಸೀರೆ ಬದಲಾಯಿಸುತ್ತಾರೆ.

ಕಾನೂನು ಪುಸ್ತಕದ ಹಾಳೆಗಳನ್ನೂ ತರುತ್ತೀರಿ. 1956ರ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವದ ಕಾಯ್ದೆ, 6ನೇ ಕಲಂ. ಸಹಜ ಪೋಷಕ ಮೊದಲು ತಂದೆ, ನಂತರ ತಾಯಿ ಎಂಬ ಸಾಲಿಗೆ ಅಪ್ಪಂದಿರ ಹಳದಿ ಹೈಲೈಟರ್. ಐದು ವರ್ಷ ತುಂಬದ ಮಗುವಿನ ಸುಪರ್ದಿ ಸಾಮಾನ್ಯವಾಗಿ ತಾಯಿಗೆ ಎಂಬ ಸಾಲಿಗೆ ಅಮ್ಮಂದಿರ ಗುಲಾಬಿ ಹೈಲೈಟರ್. ಅಪ್ಪ ಬದುಕಿರುವಾಗಲೂ ಅಮ್ಮ ಸಹಜ ಪೋಷಕಳಾಗಬಹುದೆಂದು ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1999ರಲ್ಲೇ ಹೇಳಿದ್ದು ಅಪ್ಪಂದಿರ ಕಿವಿಗೆ ಬಿದ್ದಿಲ್ಲ. ‘ಸಾಮಾನ್ಯವಾಗಿ’ ಎಂಬುದನ್ನು ಅಮ್ಮಂದಿರು ಹಾರಿಸಿ ಓದುತ್ತಾರೆ. ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮುಖ್ಯ ಎಂದು ಅದೇ ಕಾಯ್ದೆಯ 13ನೇ ಕಲಂ ಹೇಳುತ್ತದೆ. ಅದರ ಮೇಲೆ ಮಾತ್ರ ಯಾವ ಬಣ್ಣವನ್ನೂ ನಾನು ಕಂಡವನಲ್ಲ. ಅಲ್ಲಿಗೆ ಬರುವಷ್ಟರಲ್ಲಿ ಇಬ್ಬರ ಹೈಲೈಟರೂ ಒಣಗಿರುತ್ತದೋ ಏನೋ.

ನನಗೆ ಅತ್ಯಂತ ಪ್ರಿಯವಾದದ್ದು ನಿಮ್ಮ ಅಫಿಡವಿಟ್ಟುಗಳು. ಬೆಳಿಗ್ಗೆ ಬಂದ ಸುಪರ್ದಿ ಅರ್ಜಿಯಲ್ಲಿ ಅರ್ಜಿದಾರರು ಮಗುವನ್ನು ಇಂಟರ್‌ನ್ಯಾಷನಲ್ ಶಾಲೆಗೆ ಸೇರಿಸಬಲ್ಲರು, ಈಜು ಕಲಿಸಬಲ್ಲರು, ಮಗುವಿಗೇ ಒಂದು ಕೋಣೆ ಬಿಡಬಲ್ಲರು. ಮಧ್ಯಾಹ್ನ ಅದೇ ಅರ್ಜಿದಾರರು ಜೀವನಾಂಶದ ಕೇಸಿನ ಅಫಿಡವಿಟ್ ತರುತ್ತಾರೆ. ಸುಪ್ರೀಂ ಕೋರ್ಟಿನ 2020ರ ರಜನೇಶ್ ತೀರ್ಪಿನ ಪ್ರಕಾರ ಇಬ್ಬರೂ ಆಸ್ತಿ-ಸಾಲ ತೋರಿಸಬೇಕಲ್ಲ, ಅದು. ಅದರಲ್ಲಿ ಅವರಿಗೆ ಕಾರಿನ ಸಾಲ, ಮನೆ ಸಾಲ, ಅಪ್ಪನ ಮಂಡಿನೋವು, ಕೈಯಲ್ಲಿ ಉಳಿಯುವುದು ಬಸ್ ಚಾರ್ಜು. ಊಟದ ಹೊತ್ತಿನಲ್ಲಿ ಇಷ್ಟು ಬಡವಾಗಲು ಏನು ತಿಂದರೋ!

ಮಗುವಿಗೂ ತಯಾರಿ ಉಂಟು. ಸ್ವಂತ ಬುದ್ಧಿಯಿಂದ ಇಷ್ಟ ಹೇಳಬಲ್ಲ ವಯಸ್ಸಿನ ಮಗುವಿನ ಮಾತನ್ನು ಕೋರ್ಟು ಪರಿಗಣಿಸಬಹುದು ಎಂದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲಿದೆಯಂತೆ. ಹಾಗಾಗಿ ನನ್ನ ಅಂಗಡಿ ಮೆಟ್ಟಿಲ ಮೇಲೆಯೇ ರಿಹರ್ಸಲ್. ಮೂರನೇ ಕ್ಲಾಸಿನ ಹುಡುಗನೊಬ್ಬ ಒಂದೇ ಉಸಿರಿಗೆ, ‘ಅಪ್ಪನ ಜೊತೆ ಇದ್ದರೆ ನನ್ನ ಸರ್ವತೋಮುಖ ಬೆಳವಣಿಗೆ ಆಗೋದಿಲ್ಲ’ ಎಂದ. ಆಮೇಲೆ ಅಮ್ಮನ ಕಡೆ ತಿರುಗಿ, ‘ಸರಿಯಾಗಿ ಹೇಳಿದ್ನಾ?’ ಎಂದು ಕೇಳಿದ. ಜಡ್ಜುಗಳು ಇಂಥ ಮಕ್ಕಳನ್ನು ದಿನಾ ನೋಡುತ್ತಾರೆ ಸ್ವಾಮಿ, ಗಿಣಿಪಾಠ ಗೊತ್ತಾಗಿಬಿಡುತ್ತದೆ.

ಇಷ್ಟು ಕಾಗದದ ನಡುವೆ ನನ್ನ ಮೆಷಿನ್ನಿಗೆ ಅಪರೂಪಕ್ಕೂ ಬಾರದ ಕೆಲವಿವೆ. ಮಗುವಿನ ಲಸಿಕೆ ಕಾರ್ಡು. ಶಾಲೆಯ ಡೈರಿ. ವ್ಯಾನ್ ಎಷ್ಟು ಹೊತ್ತಿಗೆ ಬರುತ್ತದೆ, ನೀವು ಆಫೀಸಿನಲ್ಲಿದ್ದರೆ ಬಾಗಿಲು ತೆಗೆಯುವವರು ಯಾರು, ದಸರಾ ರಜೆ ಯಾರ ಮನೆಯಲ್ಲಿ, ಜ್ವರ ಬಂದರೆ ಯಾವ ಡಾಕ್ಟರು ಎಂದು ಬರೆದ ಒಂದು ಹಾಳೆ. ಸುಪರ್ದಿ ಸಿಗದವರಿಗೆ ದಿನಕ್ಕೆ ಐದ್ಹತ್ತು ನಿಮಿಷವಾದರೂ ಮಗುವಿನ ಜತೆ ಮಾತಾಡುವ ಹಕ್ಕಿರಬೇಕೆಂದು 2020ರಲ್ಲಿ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ಐದ್ಹತ್ತು ನಿಮಿಷ ಸಂಜೆ ಎಷ್ಟು ಗಂಟೆಗೆ ಎಂದು ಬರೆದುಕೊಂಡು ಬಂದವರನ್ನು ನಾನು ಕಂಡಿಲ್ಲ. ಅದು ಒಂದೇ ಹಾಳೆ. ಮೂರು ಸೆಟ್ ಅಂದರೂ ಮೂರೇ ಹಾಳೆ. ನನಗೆ ಗಿಟ್ಟುವುದಿಲ್ಲ, ಆದ್ದರಿಂದ ನಾನೂ ಒತ್ತಾಯಿಸುವುದಿಲ್ಲ.

ನನ್ನ ಹೊಟ್ಟೆಪಾಡಿಗೆ ನಿಜವಾದ ಕಂಟಕವೆಂದರೆ ನ್ಯಾಯದೇಗುಲದ ಆವರಣದಲ್ಲೇ ಇರುವ ಮಧ್ಯಸ್ಥಿಕೆ ಕೇಂದ್ರ. ಮೊದಲು ರಾಜಿಗೆ ಪ್ರಯತ್ನಿಸಬೇಕೆಂದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯೇ ಹೇಳುವುದರಿಂದ ಅಲ್ಲಿಗೆ ಕಳಿಸುತ್ತಾರೆ. ಒಳಗೆ ಹೋದ ಕೆಲವರು ಎರಡು ಮೂರು ವಾಯಿದೆಯಲ್ಲೇ ನಾಲ್ಕು ಹಾಳೆಯ ಒಪ್ಪಂದಕ್ಕೆ ಸಹಿ ಮಾಡಿ, ಮಗುವನ್ನು ಕರೆದುಕೊಂಡು ಮೂವರೂ ಎಳನೀರು ಕುಡಿದು ಹೋಗಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಸುಪರ್ದಿ ಆದೇಶ ಎಂದಿಗೂ ಅಂತಿಮವಲ್ಲ, ಪರಿಸ್ಥಿತಿ ಬದಲಾದರೆ ಮತ್ತೆ ಅರ್ಜಿ ಹಾಕಬಹುದು. ಮಗುವಿಗೆ ಹದಿನೆಂಟು ತುಂಬುವವರೆಗೆ ನಾವು ಹೀಗೇ ಸಿಗುತ್ತಿರಬಹುದು.

ಇಂತಿ ನಿಮ್ಮ ವಿಶ್ವಾಸಿ,
ಜೆರಾಕ್ಸ್ ಅಂಗಡಿಯವನು

ವಿ.ಸೂ.: ಮಗುವಿನ ಚಿತ್ರಕಲೆಯಲ್ಲಿ ಎದುರು ಪಾರ್ಟಿ ಇರುವ ಅರ್ಧ ಬಿಟ್ಟು ಕಾಪಿ ತೆಗೆಯಲು ಪ್ರತ್ಯೇಕ ಚಾರ್ಜು. ಮಧ್ಯದಲ್ಲಿ ಕೈಕೈ ಹಿಡಿದು ನಿಂತಿದ್ದರೆ ನೀಟಾಗಿ ಬರುವುದಿಲ್ಲ, ಮೊದಲೇ ಹೇಳಿದ್ದೇನೆ.